ಆಕ್ರಾದ ಆರ್ಟಿಸ್ಟ್ಸ್ ಅಲಯನ್ಸ್ ಗ್ಯಾಲರಿ: ಚಿತ್ರಕಾರರೊಬ್ಬರು ಕಟ್ಟಿದ ಚಿತ್ರದಂಗಡಿ

ಘಾನಾದ ರಾಜಧಾನಿ ಆಕ್ರಾದಿಂದ ಟೆಮಾ ಬಂದರಿನತ್ತ ಕಡಲಂಚಿನಲ್ಲೇ ಸಾಗುವ ರಸ್ತೆಯಲ್ಲಿ, ಲಾ ಊರಿನ ಮರಳದಂಡೆಯನ್ನು ದಾಟಿ ಟೆಶಿಯ ಕಡೆಗೆ ಹೊರಟವರಿಗೆ ಒಮಾನ್ಯೆ ಹೌಸ್ ಎಂಬ ಮೂರಂತಸ್ತಿನ ಕಟ್ಟಡ ಸಿಗುತ್ತದೆ. ಆರ್ಟಿಸ್ಟ್ಸ್ ಅಲಯನ್ಸ್ ಗ್ಯಾಲರಿ ಇರುವುದು ಇಲ್ಲಿಯೇ. ಗ್ಯಾಲರಿ ಎಂಬ ಹೆಸರು ಕೇಳಿ ವಸ್ತುಸಂಗ್ರಹಾಲಯವನ್ನು ಕಲ್ಪಿಸಿಕೊಂಡು ಹೋಗುವುದು ಬೇಡ. ಇದು ಚಿತ್ರಗಳನ್ನೂ ನೇಯ್ಗೆಯನ್ನೂ ಕೆತ್ತನೆಯನ್ನೂ ಮಾರುವ ಅಂಗಡಿ. ಆದರೆ ಬೇರೆ ಅಂಗಡಿಗಳನ್ನು ಅಳೆಯುವ ಅಳತೆಗೋಲಿನಿಂದಲೇ ಇದನ್ನೂ ಅಳೆದರೆ ಇದರ ಬೆಲೆ ತಿಳಿಯುವುದಿಲ್ಲ. ಇದನ್ನು ಕಟ್ಟಿದ ಅಬ್ಲಾಡೆ ಗ್ಲೋವರ್ ಅವರು ಪಶ್ಚಿಮ ಆಫ್ರಿಕಾದ ಹಿರಿಯ ಚಿತ್ರಕಾರರಲ್ಲಿ ಒಬ್ಬರು. ಅರ್ಧ ಶತಮಾನಕ್ಕೂ ಮೀರಿದ ಅವರ ವೃತ್ತಿಜೀವನದ ಅತ್ಯಂತ ದೊಡ್ಡ ಕೃತಿ ಯಾವುದು ಎಂದು ಯಾರಾದರೂ ಕೇಳಿದರೆ, ಅವರ ಯಾವುದೇ ಒಂದು ಕ್ಯಾನ್ವಾಸನ್ನಲ್ಲ, ಈ ಅಂಗಡಿಯನ್ನೇ ನಾನು ತೋರಿಸುತ್ತೇನೆ. ಈ ವಿಮರ್ಶೆಯಲ್ಲಿ ಅಂಗಡಿಯ ವಿಚಾರದಷ್ಟೇ ಅವರ ಬದುಕಿನ ವಿಚಾರವೂ ಬರುವುದಕ್ಕೆ ಕಾರಣ ಅದು.

ಗ್ಲೋವರ್ ಹುಟ್ಟಿದ್ದು 1934ರಲ್ಲಿ, ಇದೇ ಲಾ ಪ್ರದೇಶದಲ್ಲಿ. ಆಗ ಈ ನಾಡಿಗೆ ಗೋಲ್ಡ್ ಕೋಸ್ಟ್ ಎಂಬ ಹೆಸರಿತ್ತು ಮತ್ತು ಅದು ಬ್ರಿಟಿಷರ ವಸಾಹತಾಗಿತ್ತು. 1957ರಲ್ಲಿ ಕ್ವಾಮೆ ಎನ್‌ಕ್ರೂಮಾ ಅವರ ನಾಯಕತ್ವದಲ್ಲಿ ಸ್ವಾತಂತ್ರ್ಯ ಬಂದಾಗ ಗ್ಲೋವರ್ ಇಪ್ಪತ್ತರ ಹರೆಯದಲ್ಲಿದ್ದರು; ಹೊಸ ದೇಶಕ್ಕೆ ಬೇಕಾದ ಎಂಜಿನಿಯರುಗಳು, ಶಿಕ್ಷಕರು, ವಿನ್ಯಾಸಕಾರರು ಎಲ್ಲರನ್ನೂ ಒಮ್ಮೆಲೇ ತಯಾರು ಮಾಡಿಕೊಳ್ಳುವ ಆತುರದ ಆ ದಿನಗಳಲ್ಲಿ, ಕುಮಾಸಿ ನಗರದ ಕಾಲೇಜಿನಲ್ಲಿ ಓದಿದ ಅವರು ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಸೆಂಟ್ರಲ್ ಸ್ಕೂಲ್ ಆಫ್ ಆರ್ಟ್ ಅಂಡ್ ಡಿಸೈನಿಗೆ ಹೋದರು. ಅಲ್ಲಿ ಅವರು ಕಲಿತದ್ದು ಚಿತ್ರಕಲೆಯನ್ನಲ್ಲ, ಜವಳಿ ವಿನ್ಯಾಸವನ್ನು. ಈ ಸಂಗತಿಯನ್ನು ಗ್ಯಾಲರಿಗೆ ಹೋಗುವ ಮುನ್ನ ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಅವರ ಚಿತ್ರಗಳಲ್ಲಿ ಬಣ್ಣಗಳು ಹರಡಿಕೊಳ್ಳುವ ರೀತಿಯಲ್ಲಿ, ಮೇಲಂಚಿನಿಂದ ಕೆಳಂಚಿನವರೆಗೂ ಖಾಲಿ ಜಾಗವೇ ಉಳಿಯದಂತೆ ಒಂದೇ ನಮೂನೆ ತುಂಬಿಕೊಳ್ಳುವ ರೀತಿಯಲ್ಲಿ, ಬಟ್ಟೆಯ ವಿನ್ಯಾಸ ಬಲ್ಲವರ ಕಣ್ಣು ಕೊನೆಯವರೆಗೂ ಕೆಲಸ ಮಾಡಿದೆ.

ತಾಯ್ನಾಡಿಗೆ ಮರಳಿ ಪಾಠ ಹೇಳುತ್ತಿದ್ದವರು ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಕಲಾಶಿಕ್ಷಣವನ್ನು ಓದಿ ಬಂದರು, ವಿನೆಬಾದ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಕಲಿಸಿದರು, ಮತ್ತೆ ಅಮೆರಿಕಕ್ಕೆ ಹೋಗಿ ಕೆಂಟ್ ಸ್ಟೇಟ್ ಮತ್ತು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗ ಮಾಡಿ 1974ರಲ್ಲಿ ಡಾಕ್ಟರೇಟ್ ಪಡೆದರು. ಆ ಬಳಿಕ ಸುಮಾರು ಎರಡು ದಶಕಗಳ ಕಾಲ ಕುಮಾಸಿಯ ಕ್ವಾಮೆ ಎನ್‌ಕ್ರೂಮಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಕಲಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ವಿಭಾಗದ ಮುಖ್ಯಸ್ಥರಾಗಿ, ಡೀನ್ ಆಗಿ ದುಡಿದು 1994ರಲ್ಲಿ ಹೊರಬಂದರು. ಘಾನಾದಲ್ಲಿ ಇಂದಿಗೂ ಅವರನ್ನು ಜನ ಕರೆಯುವುದು ಪ್ರೊಫೆಸರ್ ಎಂದೇ.

ಅಂಗಡಿಯ ಚರಿತ್ರೆ ಆರಂಭವಾಗುವುದು ಈ ಓದು-ಪಾಠಗಳ ನಡುವೆಯೇ. 1960ರ ದಶಕದಲ್ಲಿ ಅವರು ಗ್ಲೋ ಆರ್ಟ್ ಗ್ಯಾಲರಿ ಎಂಬ ಹೆಸರಿನಲ್ಲಿ ಮೊದಲ ಮಳಿಗೆಯನ್ನು ತೆರೆದರು. ಅದೇ ಬೆಳೆದು ಆರ್ಟಿಸ್ಟ್ಸ್ ಅಲಯನ್ಸ್ ಆಯಿತು, ಈಗಿನ ಕಟ್ಟಡವನ್ನು 2008ರಲ್ಲಿ ವಿಶ್ವಸಂಸ್ಥೆಯ ಮಾಜಿ ಮಹಾಪ್ರಧಾನ ಕಾರ್ಯದರ್ಶಿ, ಘಾನಾದವರೇ ಆದ ಕೋಫಿ ಅನ್ನಾನ್ ಉದ್ಘಾಟಿಸಿದರು. ಈ ಎರಡು ಘಟನೆಗಳ ನಡುವಿನ ನಾಲ್ಕು ದಶಕಗಳಲ್ಲಿ ಆ ದೇಶ ಕಂಡದ್ದು ಒಂದೆರಡಲ್ಲ: 1966ರಲ್ಲಿ ಎನ್‌ಕ್ರೂಮಾ ಪದಚ್ಯುತಿ, ಅದರ ಬೆನ್ನಿಗೆ ಒಂದಾದ ಮೇಲೊಂದು ಸೇನಾ ದಂಗೆ, ಹಣದುಬ್ಬರ, 1983ರ ಭೀಕರ ಬರ, ಅದೇ ವರ್ಷ ನೈಜೀರಿಯಾದಿಂದ ಹೊರದೂಡಲ್ಪಟ್ಟ ಲಕ್ಷಾಂತರ ಘಾನಿಯನ್ನರ ಮರಳುವಿಕೆ. ಅಕ್ಕಿ-ಎಣ್ಣೆಗೇ ಪರದಾಡುವ ಕಾಲದಲ್ಲಿ ಚಿತ್ರ ಕೊಳ್ಳುವವರು ಯಾರು? ಕಲಾವಿದರು ಅನೇಕರು ದೇಶ ಬಿಟ್ಟರು. ಕುಮಾಸಿಯಲ್ಲೇ ಓದಿದ್ದ, ಇಂದು ಜಗತ್ಪ್ರಸಿದ್ಧರಾಗಿರುವ ಶಿಲ್ಪಿ ಎಲ್ ಅನಾಟ್ಸುಯಿ 1975ರಲ್ಲಿ ನೈಜೀರಿಯಾದ ಎನ್ಸುಕ್ಕಾ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿಯೇ ದಶಕಗಳ ಕಾಲ ನೆಲೆಸಿದರು. ಅಮೆರಿಕದಲ್ಲಿ ಪದವಿ ಪಡೆದ ಗ್ಲೋವರ್ ಅವರಿಗೂ ಆ ದಾರಿ ತೆರೆದಿತ್ತು. ಅವರು ಮರಳಿ ಬಂದು ಇಲ್ಲಿಯೇ ಉಳಿದರು. ತಾವು ಉಳಿದದ್ದಷ್ಟೇ ಅಲ್ಲ, ಉಳಿದ ಇತರರಿಗೂ ತಮ್ಮ ಊರಿನಲ್ಲೇ ಚಿತ್ರ ತೂಗುಹಾಕಿ ಮಾರಲು ಒಂದು ಗೋಡೆ ಸಿಗುವಂತೆ ನೋಡಿಕೊಂಡರು.

ಇನ್ನು ಚಿತ್ರಗಳ ವಿಷಯ. ಗ್ಲೋವರ್ ತಮ್ಮ ಪ್ರಸಿದ್ಧ ತೈಲವರ್ಣ ಚಿತ್ರಗಳಲ್ಲಿ ಬಣ್ಣವನ್ನು ಹಚ್ಚುವುದು ಕುಂಚದಿಂದಲ್ಲ, ಪ್ಯಾಲೆಟ್ ನೈಫಿನಿಂದ. ಗಾರೆ ಕೆಲಸದವರ ಕರಣೆಯನ್ನು ಬೆರಳಿನ ಗಾತ್ರಕ್ಕೆ ಇಳಿಸಿದಂತಿರುವ ಈ ಉಪಕರಣದಿಂದ ದಪ್ಪನೆಯ ಬಣ್ಣವನ್ನು ಎತ್ತಿ, ಕ್ಯಾನ್ವಾಸಿಗೆ ಒತ್ತಿ, ಒಂದೇ ಎಳೆತಕ್ಕೆ ಬಿಡಬೇಕು. ತಿದ್ದಲು ಹೋದರೆ ಬಣ್ಣಗಳು ಕಲೆತು ಕೆಸರಾಗುತ್ತವೆ. ಅವರ ಮಾರುಕಟ್ಟೆಯ ಚಿತ್ರವೊಂದರ ಮುಂದೆ ಒಂದು ಮೊಳ ದೂರದಲ್ಲಿ ನಿಂತರೆ ಅಲ್ಲಿ ಮನುಷ್ಯರೇ ಕಾಣುವುದಿಲ್ಲ. ಕಾಣುವುದು ಉಗುರಿನಷ್ಟಗಲದ ಬಣ್ಣದ ತುಣುಕುಗಳು: ಚಾಕುವಿನ ಒಂದೇ ಅಲಗಿನಲ್ಲಿ ಕೆಂಪನ್ನೂ ಬಿಳಿಯನ್ನೂ ಒಟ್ಟಿಗೆ ತುಂಬಿಕೊಂಡು ಎಳೆದದ್ದರಿಂದ ತುಣುಕಿನ ಒಂದು ಬದಿ ಕೆಂಪಾಗಿ, ಇನ್ನೊಂದು ಬದಿ ಬಿಳಿಯಾಗಿ, ನಡುವೆ ಎರಡೂ ಬೆರೆಯದೆ ಗೆರೆಗೆರೆಯಾಗಿ ನಿಂತಿರುತ್ತವೆ. ಎಳೆತ ಮುಗಿದ ಕಡೆ ಬಣ್ಣ ಏಣಿನಂತೆ ಎದ್ದು ನಿಂತು ತನ್ನದೇ ಸಣ್ಣ ನೆರಳನ್ನು ಚೆಲ್ಲುತ್ತದೆ. ಅಲ್ಲಿಂದ ಹಿಂದಕ್ಕೆ ಹೆಜ್ಜೆ ಇಡುತ್ತ ಹೋದ ಹಾಗೆ, ಯಾವುದೋ ಒಂದು ಹೆಜ್ಜೆಯಲ್ಲಿ, ಆ ಕೆಂಪು ತುಣುಕು ತಲೆಗೆ ಕಟ್ಟಿದ ವಸ್ತ್ರವಾಗುತ್ತದೆ, ಅದರ ಕೆಳಗಿನ ಕಂದು ಗೀರು ಹೆಗಲಾಗುತ್ತದೆ, ಪಕ್ಕದ ಹಳದಿ ತುಣುಕು ತಟ್ಟೆಯಲ್ಲಿಟ್ಟ ಹಣ್ಣಾಗುತ್ತದೆ, ಮತ್ತು ಚೌಕಟ್ಟಿನ ತುಂಬ ನೂರಾರು ಹೆಂಗಸರು ಬಿಸಿಲಿನಲ್ಲಿ ಸರಿದಾಡತೊಡಗುತ್ತಾರೆ. ಯಾರಿಗೂ ಮುಖವಿಲ್ಲ, ಆದರೂ ನಿಂತವರು ಯಾರು, ನಡೆಯುತ್ತಿರುವವರು ಯಾರು, ಬಗ್ಗಿ ಚೌಕಾಸಿ ಮಾಡುತ್ತಿರುವವರು ಯಾರು ಎಂಬುದರಲ್ಲಿ ಸಂಶಯವೇ ಬರುವುದಿಲ್ಲ. ಮೊಬೈಲ್ ಪರದೆಯಲ್ಲಿ ನೋಡಿದವರಿಗೆ ಇದರ ಹತ್ತನೇ ಒಂದು ಪಾಲೂ ದಕ್ಕದು, ಏಕೆಂದರೆ ಛಾಯಾಚಿತ್ರದಲ್ಲಿ ಮೊದಲು ಸಾಯುವುದು ಬಣ್ಣದ ಆ ಏಣು ಮತ್ತು ಅದರ ನೆರಳು.

ಮಾರುಕಟ್ಟೆಯ ಜೊತೆಗೆ ಅವರು ಮತ್ತೆ ಮತ್ತೆ ಎತ್ತಿಕೊಂಡ ವಸ್ತುಗಳು ಕೆಲವೇ: ಟ್ರೊಟ್ರೊ ಎಂಬ ಬಾಡಿಗೆ ವ್ಯಾನುಗಳೂ ಲಾರಿಗಳೂ ಕಿಕ್ಕಿರಿದು ನಿಲ್ಲುವ ಲಾರಿ ನಿಲ್ದಾಣಗಳು, ತುಕ್ಕು ಹಿಡಿದ ತಗಡಿನ ಮಾಡುಗಳು ಒಂದಕ್ಕೊಂದು ತಾಗಿಕೊಂಡು ದಿಗಂತದವರೆಗೂ ಹಬ್ಬುವ ಹಳೆಯ ಕೇರಿಗಳು, ದೊಡ್ಡ ಜನಸಂದಣಿಗಳು, ಮತ್ತು ಹೆಂಗಸರ ನಿಲುವು. ಈ ಹೆಂಗಸರ ಬಗ್ಗೆ ಒಂದು ಮಾತು ಹೇಳಲೇಬೇಕು. ಘಾನಾದಲ್ಲಿ ಸಂತೆ-ಮಾರುಕಟ್ಟೆ ಎಂದರೆ ಹೆಂಗಸರ ರಾಜ್ಯ; ಟೊಮೇಟೊಗೆ ಒಬ್ಬಳು, ಗೆಣಸಿಗೆ ಒಬ್ಬಳು, ಬಟ್ಟೆಗೆ ಒಬ್ಬಳು ಎಂದು ಒಂದೊಂದು ಸರಕಿಗೂ ಮುಖಂಡಳಿದ್ದು, ಸಾಲ, ಜಗಳ, ಸಾಗಣೆ ಎಲ್ಲವೂ ಅವರ ಕೈಯಲ್ಲೇ ಇತ್ಯರ್ಥವಾಗುತ್ತವೆ. 1970ರ ದಶಕದ ಕೊನೆಯಲ್ಲಿ ಸರಕಿನ ಅಭಾವ ಹೆಚ್ಚಿ ಬೆಲೆಗಳು ಗಗನಕ್ಕೇರಿದಾಗ, ಕಾಳಸಂತೆಗೆ ಅಲ್ಲಿನವರು ಇಟ್ಟ 'ಕಲಬುಲೆ' ಎಂಬ ಹೆಸರು ಎಲ್ಲರ ಬಾಯಲ್ಲಿತ್ತು, ಅದರ ಇಡೀ ಅಪವಾದ ಈ ಹೆಂಗಸರ ತಲೆಗೆ ಬಂತು. 1924ರಲ್ಲಿ ಕಟ್ಟಲಾಗಿದ್ದ ಆಕ್ರಾದ ಮಕೋಲಾ ಮಾರುಕಟ್ಟೆಯನ್ನು 1979ರ ಆಗಸ್ಟಿನಲ್ಲಿ, ಜೆರ್ರಿ ರಾಲಿಂಗ್ಸ್ ನೇತೃತ್ವದ ಸೇನಾ ಆಡಳಿತದ ಕಾಲದಲ್ಲಿ, ಸೈನಿಕರು ನೆಲಸಮ ಮಾಡಿದರು. ಬೆಲೆಗಳು ಅದರಿಂದ ಇಳಿಯಲಿಲ್ಲ. ಗ್ಲೋವರ್ ರಾಜಕೀಯ ಘೋಷಣೆಗಳ ಚಿತ್ರಕಾರರಲ್ಲ. ಆದರೆ ಒಂದು ಕಾಲದಲ್ಲಿ ದೇಶದ ಶತ್ರುಗಳೆಂದು ಬೈಸಿಕೊಂಡ ಈ ವ್ಯಾಪಾರಿ ಹೆಂಗಸರನ್ನು ಅವರು ಎಷ್ಟು ನೆಟ್ಟಗೆ, ಎಷ್ಟು ಬಣ್ಣಗಳಲ್ಲಿ, ಎಷ್ಟು ಗೌರವದಿಂದ ಚಿತ್ರಿಸುತ್ತಲೇ ಬಂದರು ಎಂಬುದನ್ನು ಆ ಹಿನ್ನೆಲೆಯಲ್ಲಿ ನೋಡಿದಾಗ, ಈ ಕ್ಯಾನ್ವಾಸುಗಳು ಬರಿಯ ಅಲಂಕಾರದ ವಸ್ತುಗಳೆಂದು ಅನ್ನಿಸುವುದಿಲ್ಲ.

ಆಕ್ಷೇಪವೊಂದಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಇಷ್ಟು ವರ್ಷ ಇಷ್ಟೇ ವಸ್ತುಗಳನ್ನು ಬರೆದವರ ಕೆಲಸದಲ್ಲಿ ಪುನರಾವರ್ತನೆ ಇದ್ದೇ ಇದೆ. ಅವರ ಸಣ್ಣ ಅಳತೆಯ ಕೆಲವು ಮಾರುಕಟ್ಟೆ ಚಿತ್ರಗಳಲ್ಲಿ ಕೈ ತಾನಾಗಿಯೇ ಚಲಿಸಿದೆ, ಕಣ್ಣು ಹೊಸದಾಗಿ ಏನನ್ನೂ ನೋಡಿಲ್ಲ ಎಂದು ನನಗೆ ಅನ್ನಿಸುತ್ತದೆ. ಬಣ್ಣದ ತುಣುಕುಗಳು ಅಲ್ಲಿ ಜನರಾಗುವುದಿಲ್ಲ, ತುಣುಕುಗಳಾಗಿಯೇ ಉಳಿಯುತ್ತವೆ. ನೈಫಿನ ಎಳೆತಕ್ಕೆ ಜಾಗ ಬೇಕು, ಅದು ಸಿಗುವುದು ದೊಡ್ಡ ಕ್ಯಾನ್ವಾಸಿನಲ್ಲಿ. ತಗಡಿನ ಮಾಡುಗಳ ಚಿತ್ರಗಳಲ್ಲಿ ಮಾತ್ರ ಈ ದೋಷ ನನಗೆ ಕಡಮೆ ಕಾಣುತ್ತದೆ: ಅಲ್ಲಿ ಒಂದೇ ಬಣ್ಣದ, ಬಹುತೇಕ ಕೆಂಪಿನ, ಹತ್ತಾರು ಛಾಯೆಗಳ ಮೇಲೆ ಅವರು ಇಡೀ ಚಿತ್ರವನ್ನು ನಿಲ್ಲಿಸುತ್ತಾರೆ, ಮತ್ತು ಜನರೇ ಇಲ್ಲದಿದ್ದರೂ ಆ ಮಾಡುಗಳ ಕೆಳಗಿನ ಸೆಕೆಯೂ ಗದ್ದಲವೂ ನಮ್ಮನ್ನು ತಲುಪುತ್ತವೆ. ಕೊಳ್ಳುವವರು ನನ್ನ ಅಭಿಪ್ರಾಯ ಕೇಳಿದರೆ, ಚಿಕ್ಕ ಮಾರುಕಟ್ಟೆಯ ಬದಲು ಮಧ್ಯಮ ಅಳತೆಯ ಕೇರಿಯ ಚಿತ್ರವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಗ್ಲೋವರ್ ಅವರ ಚಿತ್ರಗಳನ್ನಷ್ಟೇ ನೋಡಿ ಹೊರಬರುವುದು ಈ ಸ್ಥಳಕ್ಕೆ ಮಾಡುವ ಅನ್ಯಾಯ. ಒಂದೊಂದಕ್ಕೂ ಅದರದೇ ಅರ್ಥವಿರುವ ಅಡಿಂಕ್ರಾ ಎಂಬ ಸಾಂಪ್ರದಾಯಿಕ ಚಿಹ್ನೆಗಳನ್ನೇ ಮನುಷ್ಯಾಕೃತಿಗಳೊಳಗೆ ಹೆಣೆದು ದೊಡ್ಡ ಕ್ಯಾನ್ವಾಸುಗಳನ್ನು ರಚಿಸುವ ಓವುಸು ಅಂಕೋಮಾ, ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಿಂದ ಕುಣಿಯುವ, ದುಡಿಯುವ ಹೆಂಗಸರನ್ನು ಮೂಡಿಸುವ ಬೆಟ್ಟಿ ಅಕ್ವಾ ಮುಂತಾದವರ ಕೃತಿಗಳು ಈ ಗ್ಯಾಲರಿಯ ಮೂಲಕ ಜನರನ್ನು ತಲುಪಿವೆ. ಹೆಸರು ಮಾಡಿದವರ ಜೊತೆಗೆ ಇನ್ನೂ ಹೆಸರು ಮಾಡಬೇಕಾದವರಿಗೂ ಇಲ್ಲಿ ಜಾಗವಿರುವುದು ಈ ಅಂಗಡಿಯ ನಿಜವಾದ ಗುಣ. ಹಲವು ದಶಕ ಪಾಠ ಹೇಳಿದವರೊಬ್ಬರು ಕಟ್ಟಿದ ಅಂಗಡಿ ಹೀಗಿರುವುದು ಸಹಜವೂ ಹೌದು.

ಬಟ್ಟೆಗಳ ವಿಭಾಗವನ್ನು ನಿಧಾನವಾಗಿ ನೋಡಬೇಕು. ಅಂಗೈಯಗಲದ ಪಟ್ಟಿಗಳನ್ನು ಕಿರಿದಾದ ಮಗ್ಗದಲ್ಲಿ ನೇಯ್ದು, ಅಂಚಿಗೆ ಅಂಚು ಕೂಡಿಸಿ ಹೊಲಿದು ಮಾಡುವ ಕೆಂಟೆ ವಸ್ತ್ರಗಳು; ಸೋರೆಬುರುಡೆಯಲ್ಲಿ ಕೆತ್ತಿದ ಅಚ್ಚುಗಳನ್ನು ಮರದ ತೊಗಟೆಯಿಂದ ಕಾಯಿಸಿ ತೆಗೆದ ಕಪ್ಪು ಬಣ್ಣದಲ್ಲಿ ಅದ್ದಿ ಒತ್ತುವ ಅಡಿಂಕ್ರಾ ವಸ್ತ್ರಗಳು; ಮತ್ತು ನನಗೆ ಎಲ್ಲಕ್ಕಿಂತ ಪ್ರಿಯವಾದ ಅಸಾಫೊ ಬಾವುಟಗಳು. ಕರಾವಳಿಯ ಫಾಂಟಿ ಜನರಲ್ಲಿ ಊರನ್ನು ಕಾಯುವ ದಳಗಳಿಗೆ ಅಸಾಫೊ ಎನ್ನುತ್ತಾರೆ. ಒಂದೊಂದು ದಳವೂ ತನ್ನ ಶೌರ್ಯವನ್ನು ಸಾರುವ, ಪಕ್ಕದ ದಳವನ್ನು ಕೆಣಕುವ ಗಾದೆಗಳನ್ನು ಬಾವುಟದ ಮೇಲೆ ಚಿತ್ರವಾಗಿಸುತ್ತದೆ. ಬಟ್ಟೆಯ ತುಂಡುಗಳನ್ನು ಮೀನು, ಮೊಸಳೆ, ಹಡಗು, ಬಂದೂಕುಧಾರಿ ಮುಂತಾದ ಆಕಾರಗಳಿಗೆ ಕತ್ತರಿಸಿ ಮೇಲೆ ಹೊಲಿಯುತ್ತಾರೆ. ಸ್ವಾತಂತ್ರ್ಯಕ್ಕೆ ಮುಂಚಿನ ಬಾವುಟಗಳ ಮೂಲೆಯಲ್ಲಿ ಬ್ರಿಟಿಷರ ಯೂನಿಯನ್ ಜ್ಯಾಕ್ ಇರುತ್ತದೆ, 1957ರ ನಂತರದವುಗಳಲ್ಲಿ ಘಾನಾದ ಕೆಂಪು-ಹಳದಿ-ಹಸಿರು. ಕಾಲವನ್ನು ಗುರುತಿಸಲು ಇದು ಮೊದಲ ಸುಳಿವು, ಆದರೆ ಕೊನೆಯ ಸಾಕ್ಷಿಯಲ್ಲ. ಹಳೆಯದರಂತೆ ಕಾಣಲೆಂದೇ ಹೊಲಿದ ಹೊಸ ಬಾವುಟಗಳು ಪೇಟೆಯಲ್ಲಿ ಬೇಕಾದಷ್ಟಿವೆ, ಹಾಗಾಗಿ ಎಲ್ಲಿಯೇ ಕೊಂಡರೂ ಬಾವುಟದ ಮೂಲವನ್ನು ವಿಚಾರಿಸಿ ಬರೆಸಿಕೊಳ್ಳುವುದು ಕ್ಷೇಮ.

ಅಡಿಂಕ್ರಾ ಚಿಹ್ನೆಗಳ ವಿಷಯದಲ್ಲಿ ಗ್ಲೋವರ್ ಅವರ ಇನ್ನೊಂದು ಕೆಲಸವನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಚಿಹ್ನೆ, ಅದರ ಹೆಸರು, ಅದರ ಅರ್ಥ ಎಲ್ಲವನ್ನೂ ಸಾಲಾಗಿ ಜೋಡಿಸಿ ಅವರು ತಯಾರಿಸಿದ ಒಂದು ಹಾಳೆಯ ಪಟ ಆ ಚಿಹ್ನೆಗಳ ಬಗ್ಗೆ ಬರೆಯುವವರು ಇಂದಿಗೂ ಉಲ್ಲೇಖಿಸುವ ಆಕರವಾಗಿದೆ. ದೊಡ್ಡ ಕಲಾವಿದರೊಬ್ಬರು ಶಾಲೆಯ ಗೋಡೆಗೆ ಅಂಟಿಸುವಂಥ ಒಂದು ಪಟಕ್ಕೆ ಇಷ್ಟು ಶ್ರಮ ಹಾಕಿದ್ದಾರೆಂಬುದು ನನಗೆ ಅವರ ಯಾವ ಪ್ರಶಸ್ತಿಗಿಂತಲೂ ಹೆಚ್ಚಿನದಾಗಿ ಕಾಣುತ್ತದೆ.

ಹೊರಜಗತ್ತಿನ ಮನ್ನಣೆಯೂ ಅವರಿಗೆ ಕಡಮೆಯೇನಿಲ್ಲ. ಲಂಡನ್ನಿನ ಅಕ್ಟೋಬರ್ ಗ್ಯಾಲರಿ ದಶಕಗಳಿಂದ ಅವರ ಪ್ರದರ್ಶನಗಳನ್ನು ನಡೆಸುತ್ತ ಬಂದಿದೆ. ಪ್ಯಾರಿಸ್ಸಿನ ಯುನೆಸ್ಕೊ ಕೇಂದ್ರ ಕಚೇರಿಯಲ್ಲಿ, ಜಪಾನಿನ ಅರಮನೆಯ ಸಂಗ್ರಹದಲ್ಲಿ, ಶಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ ಅವರ ಕೃತಿಗಳಿವೆ. ಆದರೂ ಇಂದು ಘಾನಾದ ಚಿತ್ರಕಲೆ ಎಂದರೆ ಹೊರಗಿನವರ ನಾಲಗೆಗೆ ಮೊದಲು ಬರುವುದು 1984ರಲ್ಲಿ ಆಕ್ರಾದಲ್ಲಿ ಹುಟ್ಟಿದ, ಬೆರಳುಗಳಿಂದಲೇ ಮುಖ-ಮೈಗಳ ಬಣ್ಣ ಹಚ್ಚುವ ಅಮೋವಾಕೊ ಬೋವಾಫೊ ಅವರ ಹೆಸರು. 2020ರ ಫೆಬ್ರುವರಿಯಲ್ಲಿ ಲಂಡನ್ ಹರಾಜಿನಲ್ಲಿ ಬೋವಾಫೊ ಅವರ ಒಂದು ಚಿತ್ರ, 30,000ದಿಂದ 50,000 ಪೌಂಡ್ ಎಂಬ ಅಂದಾಜನ್ನು ಎಷ್ಟೋ ಪಟ್ಟು ಮೀರಿ, 6,75,000 ಪೌಂಡಿಗೆ ಹೋಯಿತು. ಆ ಪ್ರತಿಭೆಯ ಬಗ್ಗೆ ನನಗೆ ಆದರವಿದೆ. ಅವರೂ 2022ರಲ್ಲಿ ಆಕ್ರಾದಲ್ಲಿಯೇ ಡಾಟ್ ಅಟೆಲಿಯರ್ಸ್ ಎಂಬ ಕಲಾಕೇಂದ್ರವನ್ನು ತೆರೆದು ಕಿರಿಯರಿಗೆ ನೆರವಾಗುತ್ತಿದ್ದಾರೆ. ಆದರೆ ಹರಾಜಿನ ಅಬ್ಬರವಿಲ್ಲದ ಕಾಲದಲ್ಲಿ, ಕೊಳ್ಳುವವರೇ ಇಲ್ಲದ ಕಾಲದಲ್ಲಿ ಅಂಗಡಿಯ ಬಾಗಿಲು ತೆರೆದು ಕುಳಿತವರು ಮೊದಲು ಇದ್ದರು ಎಂಬುದನ್ನು ಬೆಲೆಗಳ ಸುದ್ದಿ ಓದುವವರು ಮರೆಯಬಾರದು ಎಂಬುದು ನನ್ನ ಕಳಕಳಿ.

ಕೊಳ್ಳುವ ಉದ್ದೇಶವಿದ್ದವರಿಗೆ ಕೆಲವು ವಿಚಾರಗಳು. ದಪ್ಪ ತೈಲವರ್ಣದ ಚಿತ್ರವನ್ನು ಚೌಕಟ್ಟಿನಿಂದ ಬಿಚ್ಚಿ ಚಾಪೆಯ ಹಾಗೆ ಸುತ್ತಿ ಒಯ್ಯುವ ಆಲೋಚನೆಯನ್ನು ಬಿಟ್ಟುಬಿಡಿ. ತೆಳುವಾಗಿ ಬಣ್ಣ ಹಚ್ಚಿದ ಕ್ಯಾನ್ವಾಸು ಅದನ್ನು ತಡೆದುಕೊಂಡೀತು. ನೈಫಿನ ಏಣುಗಳಿರುವ ಚಿತ್ರ ಸುತ್ತಿದರೆ ಬಿರುಕು ಬಿಡುತ್ತದೆ, ಚಕ್ಕೆ ಏಳುತ್ತದೆ. ಇಂಥ ಬಣ್ಣದ ಮೇಲ್ಪದರ ಬೇಗ ಗಟ್ಟಿಯಾದರೂ ಒಳಗಿನದು ಒಣಗಲು ತಿಂಗಳುಗಳೇ ಹಿಡಿಯುವುದರಿಂದ, ಗುಳ್ಳೆಗಳಿರುವ ಪ್ಲಾಸ್ಟಿಕ್ಕನ್ನು ನೇರವಾಗಿ ಚಿತ್ರದ ಮೈಗೆ ಸುತ್ತಿದರೆ ಗುಳ್ಳೆಗಳ ಗುರುತು ಬಣ್ಣದ ಮೇಲೆ ಶಾಶ್ವತವಾಗಿ ಕೂರಬಹುದು. ಚಿತ್ರದ ಮುಖಕ್ಕೆ ಏನೂ ತಾಗದಂತೆ ನಾಲ್ಕೂ ಅಂಚಿಗೆ ಎತ್ತರದ ಮರದ ಪಟ್ಟಿ ಕಟ್ಟಿ, ಪೆಟ್ಟಿಗೆಯೊಳಗಿಟ್ಟು ಕಳುಹಿಸಬೇಕು. ಆಕ್ರಾದಿಂದ ಬೆಂಗಳೂರಿಗೆ ಬರುವವರು ಸಾಮಾನ್ಯವಾಗಿ ಅಡಿಸ್ ಅಬಾಬಾದಲ್ಲೋ ದುಬೈಯಲ್ಲೋ ವಿಮಾನ ಬದಲಿಸುವುದರಿಂದ, ಪೆಟ್ಟಿಗೆಯನ್ನು ಎತ್ತಿಳಿಸುವವರ ಕೈಗಳೂ ಹೆಚ್ಚು. ದೊಡ್ಡ ಚಿತ್ರವಾದರೆ ಸಾಗಣೆಯ ಖರ್ಚನ್ನು ಬೆಲೆಯೊಂದಿಗೆ ಮೊದಲೇ ಕೂಡಿಸಿ ಲೆಕ್ಕ ಹಾಕಿಕೊಳ್ಳಿ. ಹಳೆಯ ಬಾವುಟ, ಹಳೆಯ ಕೆತ್ತನೆ ಮುಂತಾದ ಪ್ರಾಚೀನ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯಲು ಘಾನಾ ಮ್ಯೂಸಿಯಮ್ಸ್ ಅಂಡ್ ಮಾನ್ಯುಮೆಂಟ್ಸ್ ಬೋರ್ಡಿನ ಅನುಮತಿ ಬೇಕಾಗುತ್ತದೆ. ಹೊಸ ಚಿತ್ರವೇ ಆದರೂ ಕಲಾವಿದರ ಹೆಸರು, ವರ್ಷ, ಅಳತೆ, ಬೆಲೆ ನಮೂದಾದ ರಸೀದಿಯನ್ನು ಕೈಯಲ್ಲಿ ಇಟ್ಟುಕೊಳ್ಳಿ.

ಕೊಳ್ಳುವ ಶಕ್ತಿ ಇಲ್ಲದವರೂ ಹೋಗಬೇಕಾದ ಜಾಗ ಇದು. ಆಕ್ರಾದ ವಿಮಾನ ನಿಲ್ದಾಣದಿಂದ ಲಾ ಪ್ರದೇಶ ದೂರವೇನಲ್ಲ, ಆದರೆ ಕಡಲ ರಸ್ತೆಯಲ್ಲಿ ಸಂಜೆಯ ವಾಹನ ದಟ್ಟಣೆ ವಿಪರೀತ. ಬೆಳಗಿನ ಹೊತ್ತನ್ನು ಆರಿಸಿಕೊಂಡರೆ ನೈಫಿನ ಕೆಲಸವನ್ನು ನೋಡಲು ಬೇಕಾದ ಓರೆ ಬೆಳಕೂ ಸಿಗುತ್ತದೆ. ಸಹರಾದ ದೂಳನ್ನು ಹೊತ್ತು ತರುವ ಹರ್ಮಟಾನ್ ಗಾಳಿ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬೀಸುತ್ತದೆ. ಆ ದಿನಗಳಲ್ಲಿ ಬೆಳಕು ಮಸುಕು. ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ, ಟೆಶಿಯಲ್ಲಿ, ಸತ್ತವರ ಕಸುಬಿಗೆ ತಕ್ಕಂತೆ ಮೀನು, ವಿಮಾನ, ಕೋಕೊ ಕಾಯಿಗಳ ಆಕಾರದಲ್ಲಿ ಶವಪೆಟ್ಟಿಗೆಗಳನ್ನು ಕೆತ್ತುವ ಸೆತ್ ಕಾನೆ ಕ್ವೇ ಪರಂಪರೆಯ ಕಾರ್ಯಾಗಾರವಿದೆ. ಎರಡನ್ನೂ ಒಂದೇ ದಿನ ನೋಡುವುದಾದರೆ ಗ್ಯಾಲರಿಗೆ ಮೊದಲು ಹೋಗಿ, ಮೂರು ಅಂತಸ್ತುಗಳಿಗೆ ಅರ್ಧ ದಿನವನ್ನಾದರೂ ಮೀಸಲಿಡಿ.